ಚಾವಿ ಇಳಿದಿದೆ ಎಂದೆ

ನನ್ನ ಗಂಡನ ಬಲಗೈಯ ಎರಡು ಬೆರಳು ಹೋದದ್ದು ಅವರ ಮರೆವಿನಿಂದಲ್ಲ — ನನ್ನ ಸುಳ್ಳಿನಿಂದ. ಹನ್ನೊಂದು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಅವರಿಗೂ ಹೇಳಲಿಲ್ಲ.

ಪುಣೆಯ ಶುಕ್ರವಾರ ಪೇಠೆಯ ಹಳೆಯ ವಾಡೆಯೊಂದರ ಕೆಳಗೆ ನಮ್ಮ ಸಣ್ಣ ಅಂಗಡಿ ಇತ್ತು. ವಿಜಾಪುರದಿಂದ ಬಂದವರು ನಾವು. ಇವರು ಹೊಟ್ಟೆಪಾಡಿಗೆ ಗಡಿಯಾರ ರಿಪೇರಿ ಮಾಡುತ್ತಿದ್ದರು. ಜೀವ ಇದ್ದದ್ದು ಮಾತ್ರ ಕೈಯಿಂದ ಚಾವಿ ಕೊಡುವ ಹಳೆಯ ಗ್ರಾಮೊಫೋನುಗಳ ಮೇಲೆ. ಹಳೆಯ ಸಾಮಾನು ಮಾರುವ ಜುನಾ ಬಜಾರಿನಲ್ಲಿ ಅವನ್ನು ಹವ್ಯಾಸಕ್ಕೆ ಕೊಂಡವರೆಲ್ಲ ಕೊನೆಗೆ ನಮ್ಮಲ್ಲಿಗೇ ಬರುತ್ತಿದ್ದರು. ಮದುವೆಯಾದ ಮೇಲೆ ನಾನೂ ಕೆಲಸ ಕಲಿತೆ. ಬಿಚ್ಚುವುದು, ಜೋಡಿಸುವುದು ಅವರದು. ಸ್ಪ್ರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು ನನ್ನದು. ಬಿಚ್ಚುವ ಮೊದಲು ಚಾವಿ ಇಳಿಸುವುದೂ ನನ್ನದೇ.

ಚಾವಿ ಇಳಿಸುವುದೆಂದರೆ ಸ್ಪ್ರಿಂಗಿನ ಬಿಗಿಯನ್ನೆಲ್ಲ ಬಿಡಿಸುವುದು. ರೆಕಾರ್ಡು ಇಡುವ ತಟ್ಟೆ ತಿರುಗಿ ತಿರುಗಿ ತಾನೇ ನಿಲ್ಲುತ್ತದೆ. ಹೊಸಬರು ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಹಳೆಯ ಗ್ರೀಸು ಆರಿದ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಸ್ಪ್ರಿಂಗಿನ ಸುತ್ತುಗಳನ್ನು ಹಿಡಿದುಕೊಂಡಿರುತ್ತದೆ. ಒಳಗೆ ಬಲ ಹಾಗೇ ಉಳಿದಿರುತ್ತದೆ. ಅದಕ್ಕೇ ಸ್ಪ್ರಿಂಗಿನ ಡಬ್ಬಿಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ, ಸುತ್ತಲೂ, ಬೇಸರವಿಲ್ಲದೆ ತಟ್ಟುತ್ತಾ ಇರಬೇಕು. ಇವರು ಪ್ರತಿ ಸಲ ಸ್ಕ್ರೂಗೆ ಕೈ ಹಚ್ಚುವ ಮುನ್ನ ನನ್ನನ್ನು ಕೇಳುತ್ತಿದ್ದರು. ನಾನು ಹೂಂ ಎಂದರೆ ಮುಗಿಯಿತು; ನನ್ನ ಮಾತನ್ನು ಮತ್ತೆ ಪರೀಕ್ಷಿಸಿ ನೋಡಿದವರಲ್ಲ.

ಆ ಶನಿವಾರ ಮೇಜಿನ ಮೇಲಿದ್ದದ್ದು ಲೋಣಾವಳಾದಲ್ಲಿ ಹೋಟೆಲು ಇಟ್ಟಿದ್ದ ಉಡುಪಿ ಕಡೆಯವರೊಬ್ಬರ ಗ್ರಾಮೊಫೋನು. ನನಗೋ ಮಧ್ಯಾಹ್ನದ ಬಸ್ಸಿಗೆ ಇಂದಾಪುರಕ್ಕೆ ಹೋಗಬೇಕಿತ್ತು — ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಇಳಕಲ್ ಸೀರೆ ಉಟ್ಟು ತಯಾರಾಗಿಯೇ ಅಂಗಡಿಗೆ ಬಂದಿದ್ದೆ. ಇವರು ಹೊಸ ಗ್ರೀಸು ತರಲು ಹೋಗಿದ್ದಾಗ ತಟ್ಟೆ ನಿಂತಿತು. ನಾನು ಸುತ್ತಿಗೆ ಎತ್ತಿಕೊಳ್ಳಲಿಲ್ಲ. ಬಸ್ಸು ತಪ್ಪೀತು, ಸೀರೆಗೆ ಗ್ರೀಸಿನ ಕರೆ ಹತ್ತೀತು — ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಏನೂ ಇರಲಿಲ್ಲ.

ಇವರು ಬಂದವರೇ ಕೇಳಿದರು, "ಚಾವಿ ಪೂರ್ತಿ ಇಳದದೇನು?"

"ಇಳದದ್ರಿ."

ಏನನಿಸಿತೋ, ಇನ್ನೊಮ್ಮೆ ಕೇಳಿದರು. "ಡಬ್ಬಿ ತಟ್ಟೀಯೇನು?"

"ತಟ್ಟೀನ್ರಿ! ಎಷ್ಟ್ ಸಲ ಕೇಳ್ತೀರಿ?"

ಗದರಿಯೇ ಹೇಳಿದೆ. ಅವರು ನಕ್ಕರು. ವೇಗವನ್ನು ಹಿಡಿದಿಡುವ ಗವರ್ನರನ್ನು ಬಿಚ್ಚಿ ತೆಗೆದರು, ಡಬ್ಬಿಗೆ ಕೈ ಹಚ್ಚಿದರು. ಆ ಅಲುಗಾಟಕ್ಕೆ ಗ್ರೀಸು ಬಿಟ್ಟುಕೊಟ್ಟಿತು. ಉಳಿದಿದ್ದ ಬಲವೆಲ್ಲ ಒಮ್ಮೆಲೇ ಹೊರಬಿದ್ದಾಗ ಅವರ ಬೆರಳು ಹಲ್ಲಿನ ಗಾಲಿಗಳ ನಡುವೆ ಇದ್ದವು.

ನೋವಿಗೆ ಎಚ್ಚರ ತಪ್ಪಿ ಬಿದ್ದಾಗ ತಲೆಗೂ ಪೆಟ್ಟಾಗಿತ್ತು; ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವರಿಗೆ ಆ ಹೊತ್ತಿನದೇನೂ ನೆನಪಿರಲಿಲ್ಲ. "ನಾ ಕೇಳೂದನ್ನ ಮರತೆ, ಗಿರಿಜಾ," ಎಂದರು. "ಇಷ್ಟು ವರ್ಷದಾಗ ಒಮ್ಮೆನೂ ಮರತಿದ್ದಿಲ್ಲ." ನಾನು ಓಣಿಗೆಲ್ಲ ಬಾಯಾಳಿ ಎಂದೇ ಗೊತ್ತಿರುವವಳು, ಭಾಜಿ ಮಾರುವವನ ಜೊತೆ ಮರಾಠಿಯಲ್ಲಿ ಅರ್ಧ ಗಂಟೆ ಜಗಳ ಆಡಬಲ್ಲೆ. ಆ ಒಂದು ಮಾತಿಗೆ — ಇಲ್ಲ, ನೀವು ಕೇಳಿದಿರಿ — ನಾಲಿಗೆ ಏಳಲಿಲ್ಲ. ಗಾಯ ಮಾಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಗಾಯ ಮಾಯಿತು. ನಾನು —

ಬೆರಳಿಗಾಗಿ ಅವರು ಅಷ್ಟೇನೂ ಕೊರಗಲಿಲ್ಲ. ತಮ್ಮ ತಲೆಯ ಮೇಲಿನ ಭರವಸೆಯನ್ನೇ ಕಳೆದುಕೊಂಡರು. ಅಂಗಡಿ ಬಿಟ್ಟು ರಾಂಜಣಗಾಂವದ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗೆ ಕೂತರು. ಮನೆಗೆ ಕೀಲಿ ಹಾಕಿ ಮೂರು ಸಲ ಎಳೆದು ನೋಡುವರು. ಬಸ್ ಸ್ಟಾಪಿನಿಂದ ತಿರುಗಿ ಬಂದು ಗ್ಯಾಸ್ ಆರಿದೆಯೇ ಎಂದು ನೋಡುವರು. ನೆರೆಯವರು ನಗುತ್ತಿದ್ದರು. ಒಮ್ಮೊಮ್ಮೆ ನಾನೂ — ಬರೆಯಲು ನಾಚಿಕೆಯಾಗುತ್ತದೆ — ನಾನೂ ನಕ್ಕಿದ್ದೇನೆ.

ಹೋದ ತಿಂಗಳು ಮಗಳು ಬಾಣಂತನಕ್ಕೆ ಬಂದಳು. ಕೂಸನ್ನು ಅವರ ತೊಡೆಯ ಮೇಲೆ ಮಲಗಿಸಲು ಹೋದರೆ ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು. "ಬ್ಯಾಡವ್ವಾ, ನನ್ನ ಕೈಯಾಗ ಕೊಡಬ್ಯಾಡ. ನನ್ನ ಲಕ್ಷ್ಯ ಎಲ್ಲಿರತದೋ ಏನೋ." ಮಗಳು ತಮಾಷೆ ಎಂದುಕೊಂಡಳು.

ಅವಳು ಒಳಗೆ ಹೋದ ಮೇಲೆ ಹೇಳಿಬಿಟ್ಟೆ. ಬಸ್ಸು, ಸೀರೆ, ಎತ್ತದೆ ಬಿಟ್ಟ ಸುತ್ತಿಗೆ — ಎಲ್ಲ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಅಂದ್ರ... ನಾ ಕೇಳಿದ್ದೆ?"

"ಕೇಳಿದ್ರಿ. ಎರಡ ಸಲ ಕೇಳಿದ್ರಿ."

"ಖರೇನ?"

ತಲೆಯಾಡಿಸಿದೆ. ಒಂದು ಕ್ಷಣ ಅವರ ಮುಖ ಅರಳಿತು, ನಿಜವಾಗಿಯೂ ಅರಳಿತು. ಆಮೇಲೆ ನನ್ನನ್ನು ನೋಡಿದರು. "ಹನ್ನೊಂದು ವರ್ಷ, ಗಿರಿಜಾ," ಎಂದರು.

ಕ್ಷಮಿಸಿ ಎಂದು ನಾನು ಕೇಳಿಲ್ಲ. ಕೇಳುವ ಮುಖ ನನಗಿಲ್ಲ. ಅವರು ಮಾತು ಬಿಟ್ಟಿಲ್ಲ, ಊಟಕ್ಕೆ ಕರೆದರೆ ಬಂದು ಕೂಡುತ್ತಾರೆ. ಆದರೆ ಈಗ ನಾನು ಹಾಲು ಕಾಸಿಟ್ಟಿದ್ದೇನೆ ಎಂದರೂ ಎದ್ದು ಅಡುಗೆಮನೆಗೆ ಹೋಗುತ್ತಾರೆ, ಪಾತ್ರೆಯ ಮುಚ್ಚಳ ತೆಗೆದು ತಾವೇ ನೋಡಿ ಬರುತ್ತಾರೆ. ನೋಡಲಿ.