ಕತ್ತರಿಯಕ್ಕನ ಕೆಂಪು ಲಾಟೀನು

ಬೀದಿದೀಪಗಳು ಇನ್ನೂ ಆರಿಲ್ಲ. ಶಿಶುಶಾಲೆಯ ಹಿಂಬಾಗಿಲ ಬೀಗ ತೆಗೆದು ಒಳಗೆ ಬರುವ ಹೆಂಗಸು ಮೊದಲು ಪೊರಕೆ ಹಿಡಿಯುತ್ತಾರೆ. ಗುಡಿಸಿ, ಒರೆಸಿ, ಮೊಣಕಾಲೆತ್ತರದ ಕುರ್ಚಿಗಳನ್ನು ಸಾಲಾಗಿ ಜೋಡಿಸಿದ ಮೇಲೆ ಕೈ ತೊಳೆದು, ಪೂರ್ವದ ಕಿಟಕಿಯ ಕೆಳಗಿರುವ ಪುಟ್ಟ ಮೇಜಿನ ಮುಂದೆ ಕೂರುತ್ತಾರೆ. ಏಪ್ರನ್ನಿನ ಜೇಬಿನಿಂದ ಕತ್ತರಿ ಹೊರಬರುತ್ತದೆ. ಕೆಂಪು ಹಾಳೆಯನ್ನು ಮಡಚಿ, ಮಡಿಕೆಯ ಕಡೆಯಿಂದ ಕಚಕಚನೆ ಸೀಳು ಕೊಡುತ್ತಾರೆ. ಬಿಡಿಸಿ, ಸುರುಳಿ ಸುತ್ತಿ, ಅಂಟಿಸಿ, ಮೇಲಿನಿಂದ ಮೆಲ್ಲಗೆ ಒತ್ತುತ್ತಾರೆ. ಹೊಟ್ಟೆ ಉಬ್ಬಿಸಿಕೊಂಡು ಒಂದು ಲಾಟೀನು ಎದ್ದು ನಿಲ್ಲುತ್ತದೆ.

ನಿಂತಷ್ಟೇ ಬೇಗ ಅದು ಬೀರುವಿನೊಳಗೆ ಮಾಯವಾಗುತ್ತದೆ. ಮಕ್ಕಳಿಗೆ ಮಾದರಿ ತೋರಿಸುವುದಿಲ್ಲವೇ ಎಂದು, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಕೇಳುತ್ತೇನೆ. "ಅಯ್ಯೋ, ಬೇಡಪ್ಪಾ. ಇದನ್ನ ನೋಡಿದ್ರೆ ಇದೇ ಥರ ಬರ್ಬೇಕು ಅಂತ ಅಳ್ತಾರೆ. ನೋಡದೇ ಇದ್ರೆ ಅವರವರ ಲಾಟೀನು ಅವರವರಿಗೆ ಬರತ್ತೆ. ನಾನು ಮಾಡಿದ್ದು ಹಾಳೆ ಪರೀಕ್ಷೆಗೆ. ಹಾಳೆ ದಪ್ಪ ಇದ್ರೆ ಪುಟ್ಟ ಕೈಗೆ ಮಡಿಕೆ ಕೂರಲ್ಲ," ಎನ್ನುತ್ತಾರೆ.

ಕೆಲಸದಲ್ಲಿ ಅವರು ಆಯಾ. ಮೂಗು ಒರೆಸುವುದು, ಶೂ ಹಾಕಿಸುವುದು, ಊಟದ ಡಬ್ಬಿಯ ಬಿಗಿದ ಮುಚ್ಚಳ ತೆಗೆಯುವುದು, ಅಮ್ಮ ಬೇಕು ಎಂದು ಗೋಳಿಡುವವರನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುವುದು, ಎಲ್ಲವೂ ಅವರದೇ. ಹಿಂದೊಮ್ಮೆ ಕರಕುಶಲ ಕಲಿಸುವ ಟೀಚರ್ ಕೆಲಸ ಬಿಟ್ಟು ಹೋದಾಗ, ಗದ್ದಲವೆಬ್ಬಿಸಿದ ಮಕ್ಕಳನ್ನು ಸುಮ್ಮನಿರಿಸಲು ಇವರು ಒಂದು ಹಾಳೆ ಮಡಚಿದ್ದೇ ನೆಪ. ಆ ಪಾಠ ಇವರ ಕೊರಳಿಗೇ ಬಿತ್ತು. ಅಂದಿನಿಂದ ಮಕ್ಕಳ ಬಾಯಲ್ಲಿ ಅವರು ಕತ್ತರಿಯಕ್ಕ.

ಈ ವಾರ ಚೀನೀ ಲಾಟೀನಿನ ಪಾಠ. ಶುಕ್ರವಾರ ಮನೆಯವರು ಬರುತ್ತಾರೆ. ಅಷ್ಟರೊಳಗೆ ಪ್ರತಿ ಮಗುವೂ ಒಂದೊಂದು ಲಾಟೀನು ಮಾಡಿ ಕಿಟಕಿಯ ಮುಂದಿನ ದಾರಕ್ಕೆ ಕಟ್ಟಬೇಕು. ಸೋಮವಾರ ನಾನೂ ಒಂದು ಕುಳ್ಳ ಕುರ್ಚಿಯಲ್ಲಿ ಕಷ್ಟಪಟ್ಟು ಕೂರುತ್ತೇನೆ.

"ಚೀನಾ ಅಂತ ಒಂದು ದೊಡ್ಡ ದೇಶ. ಅಲ್ಲಿ ಹೊಸ ವರ್ಷ ಶುರುವಾಗಿ ಮೊದಲ್ನೇ ಹುಣ್ಣಿಮೆ ಬಂದಾಗ ಬೀದಿ ತುಂಬ ಲಾಟೀನು. ಕೆಂಪು ಬಣ್ಣ ಅಂದ್ರೆ ಅವರಿಗೆ ಶುಭ, ಖುಷಿ," ಎಂದು ಕತ್ತರಿಯಕ್ಕ ಶುರು ಮಾಡುತ್ತಾರೆ. ಮಕ್ಕಳು ಕಣ್ಣು ಕಣ್ಣು ಬಿಡುತ್ತಾರೆ. ಮರುಕ್ಷಣವೇ ಪ್ರಶ್ನೆಗಳ ಸುರಿಮಳೆ. ಗಾಳಿ ಬಂದ್ರೆ? ಕಾಗದ ಸುಟ್ಟು ಹೋಗಲ್ವಾ? ಅಲ್ಲಿ ಬೆಕ್ಕು ಇದೆಯಾ? ಬೆಕ್ಕು ಇದೆ ಎಂದು ಕತ್ತರಿಯಕ್ಕ ಧೈರ್ಯವಾಗಿ ಹೇಳುತ್ತಾರೆ. ಬಿದಿರಿನ ಕಡ್ಡಿಯ ಗೂಡಿಗೆ ಕಾಗದವನ್ನೋ ರೇಷ್ಮೆಯನ್ನೋ ಹೊದಿಸುತ್ತಾರೆ, ಲಾಟೀನಿಗೆ ಒಗಟಿನ ಚೀಟಿ ಕಟ್ಟುತ್ತಾರೆ, ದಾರಿಹೋಕರು ನಿಂತು ಅದನ್ನು ಬಿಡಿಸುತ್ತಾರೆ ಎಂದು ಕಥೆ ಮುಂದುವರಿಯುತ್ತದೆ. ಇದಷ್ಟನ್ನೂ ಅವರು ಶಾಲೆಯ ಚಿತ್ರಪುಸ್ತಕ ನೋಡಿ, ದೊಡ್ಡ ಟೀಚರನ್ನು ಕೇಳಿ ಕೇಳಿ ತಿಳಿದುಕೊಂಡಿದ್ದಾರೆ. ನಿಜವಾದ ಲಾಟೀನು ಕಂಡದ್ದು ಒಮ್ಮೆ ಮಾತ್ರ, ಅದೂ ಅಂಗಡಿಯೊಂದು ಹೊರಗೆಸೆದ ಮುರುಕು. ಅದನ್ನು ಮನೆಗೆ ತಂದು ಕಡ್ಡಿ ಕಡ್ಡಿ ಬಿಚ್ಚಿ ನೋಡಿದರಂತೆ. "ಒಳಗೇನಿದೆ ಅಂತ ತಿಳಿಯೋವರೆಗೂ ನಂಗೆ ಸಮಾಧಾನ ಇರಲ್ಲ," ಎಂದು ನಗುತ್ತಾರೆ.

ಕತ್ತರಿಸುವ ಹೊತ್ತು ಬರುತ್ತದೆ. ನಿಯಮ ಎರಡೇ. ಮಡಿಕೆಯ ಕಡೆಯಿಂದ ಶುರು ಮಾಡಬೇಕು, ತುದಿ ಇನ್ನೊಂದು ಬೆರಳು ದೂರವಿದೆ ಎನ್ನುವಾಗ ನಿಲ್ಲಿಸಬೇಕು. ನಾನು ಗತ್ತಿನಿಂದ ತೆರೆದ ಅಂಚಿನಿಂದ ಶುರು ಮಾಡಿ ಹಾಳೆಯನ್ನು ಜೂಲು ಮಾಡಿಟ್ಟೆ. ಪಕ್ಕದ ಮಗು ಅದನ್ನು ಎತ್ತಿ ಗಡ್ಡದಂತೆ ಹಿಡಿದುಕೊಂಡಿತು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು.

ಒಬ್ಬಳು ಮಾತ್ರ ನಗಲಿಲ್ಲ. ಕಿಟಕಿ ಪಕ್ಕ ಕೂತ ಈ ಹುಡುಗಿಗೆ ಕತ್ತರಿಯಕ್ಕ ಇಟ್ಟ ಹೆಸರು ಪ್ರಶ್ನೆಪುಟ್ಟಿ. ಅವಳ ಕತ್ತರಿ ಮೇಜಿನ ಮೇಲೆಯೇ ಇದೆ, ಎರಡೂ ಕೈ ಬೆನ್ನ ಹಿಂದೆ.

"ಅಕ್ಕಾ, ಬೆಳಕೆಲ್ಲಿ?"

"ಬೆಳಕು ನಾವು ಅಂದ್ಕೋಬೇಕು ಪುಟ್ಟಿ."

"ಬೆಳಕಿಲ್ದೆ ಇದ್ರೆ ಇದು ಲಾಟೀನಲ್ಲ, ಚೀಲ. ನಂಗೆ ಚೀಲ ಬೇಡ."

ಕತ್ತರಿಯಕ್ಕ ಆ ಪ್ರಶ್ನೆಯನ್ನು ಹಾಗೇ ಮನೆಗೆ ಹೊತ್ತೊಯ್ಯುತ್ತಾರೆ. ಮರುದಿನ ಬರುವಾಗ ಕೈಯಲ್ಲಿ ಹಳದಿ ಕಾಗದದ ಸುರುಳಿಗಳಿವೆ. ಒಂದು ಮಗು ಮಾಡಿದ ಕೆಂಪು ಲಾಟೀನಿನ ಹೊಟ್ಟೆಯೊಳಗೆ ಒಂದನ್ನು ಇಳಿಸಿ, ಪೂರ್ವದ ಕಿಟಕಿಗೆ ತೂಗುಹಾಕುತ್ತಾರೆ. ಎದುರು ಮಾಳಿಗೆಯ ಮೇಲಿಂದ ಬಿಸಿಲು ಬೀಳುತ್ತಲೇ ಸೀಳುಗಳ ನಡುವೆ ಹಳದಿ ಹೊತ್ತಿಕೊಳ್ಳುತ್ತದೆ. ಮಕ್ಕಳೆಲ್ಲ ಹೋ ಎನ್ನುತ್ತಾರೆ. ನಾನೂ ಹೋ ಎಂದೆ, ಸುಳ್ಳೇಕೆ ಹೇಳಲಿ. ಕತ್ತರಿಯಕ್ಕ ಗೆದ್ದವರಂತೆ ಪ್ರಶ್ನೆಪುಟ್ಟಿಯ ಕಡೆ ತಿರುಗುತ್ತಾರೆ.

"ಚೆನ್ನಾಗಿದೆ. ನೀವೇ ಮಾಡ್ಕೊಳ್ಳಿ," ಎನ್ನುತ್ತಾಳೆ ಹುಡುಗಿ. ಕೈ ಈಗಲೂ ಬೆನ್ನ ಹಿಂದೆಯೇ.

ಗುಟ್ಟು ರಟ್ಟಾದದ್ದು ಊಟದ ಹೊತ್ತಿಗೆ. ಹುಡುಗಿ ಎಡಗೈಯಲ್ಲಿ ಚಮಚ ಹಿಡಿದು ಆರಾಮಾಗಿ ತಿನ್ನುತ್ತಿದ್ದಾಳೆ. ದೊಡ್ಡ ಟೀಚರ್ ಬಾಗಿಲಲ್ಲಿ ಕಂಡದ್ದೇ ತಡ, ಚಮಚ ಸರಕ್ಕನೆ ಬಲಗೈಗೆ ಹಾರುತ್ತದೆ, ಅರ್ಧ ಊಟ ಮಡಿಲಿಗೆ ಚೆಲ್ಲುತ್ತದೆ. ಮೇಜು ಒರೆಸುತ್ತಿದ್ದ ಕತ್ತರಿಯಕ್ಕ ಬಟ್ಟೆ ಹಿಡಿದು ನಿಂತೇಬಿಡುತ್ತಾರೆ.

"ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!" ಎಂದು ಆಮೇಲೆ ಪಾತ್ರೆ ತೊಳೆಯುವ ಕಟ್ಟೆಯ ಬಳಿ ತಮ್ಮನ್ನೇ ಬೈದುಕೊಳ್ಳುತ್ತಾರೆ. "ಮಗು ಬಾಯಲ್ಲಿ ಏನು ಹೇಳ್ತು ಅಂತ ಅದರ ಹಿಂದೇನೇ ಹೋದೆ. ಕೈ ನೋಡ್ಲೇ ಇಲ್ಲ. ಬೇರೆಯವರಾದ್ರೆ ಸರಿ, ನಾನೇ ಎಡಚಿ!"

ಆಗ ನಾನೂ ಅವರ ಕೈ ನೋಡುತ್ತೇನೆ. ಈ ಎರಡು ದಿನವೂ ಕತ್ತರಿ ಎಡಗೈಯಲ್ಲೇ ಇತ್ತು. ಸುದ್ದಿ ಬರೆಯಲು ಬಂದವನ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಚಿಕ್ಕವರಿದ್ದಾಗ ಅಮ್ಮ ಅವರ ಎಡಗೈಗೆ ಬಟ್ಟೆ ಸುತ್ತಿ ಕಟ್ಟಿಡುತ್ತಿದ್ದರು. "ಅಮ್ಮ ಕೆಟ್ಟವಳಲ್ಲ ಸಾರ್. ನಾಲ್ಕು ಜನ ಆಡ್ಕೊಂಡು ನಕ್ಕಾರು ಅಂತ ಭಯ." ಬರೆಯುವುದು ಬಲಗೈಗೆ ಬಂತು, ಆದರೆ ಅಕ್ಷರ ಕಂಡರೆ ಇಂದಿಗೂ ಮೈ ಬಿಗಿಯುತ್ತದೆಯಂತೆ. ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವ, ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿದಾಗ ಕತ್ತರಿಸಿದ ಬಟ್ಟೆಯೆಲ್ಲ ಸೊಟ್ಟ. ಅಂಗಡಿಯ ಯಜಮಾನರು ಬೈಯಲಿಲ್ಲ. ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ಎಡಗೈಯವರಿಗೆಂದೇ ಮಾಡಿದ ಕತ್ತರಿ ತಂದು ಮುಂದಿಟ್ಟರು. "ಅಲಗು ಉಲ್ಟಾ ಇರತ್ತೆ. ಮಾಮೂಲಿ ಕತ್ತರಿನ ಎಡಗೈಲಿ ಹಿಡಿದ್ರೆ ಅಲಗು ಬಾಯಿ ಬಿಡತ್ತೆ, ಕಾಗದ ಮಡಚ್ಕೊಂಡು ಒಳಗೆ ಸಿಕ್ಕಾಕೊಳ್ಳತ್ತೆ. ಎಲ್ಲಿ ಕತ್ತರಿಸ್ತಿದೀವಿ ಅನ್ನೋದೂ ಕಾಣಲ್ಲ. ದೂರು ಕೈ ಮೇಲೆ ಬರತ್ತೆ," ಎನ್ನುತ್ತಾರೆ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ. ಆ ಕತ್ತರಿ ಇನ್ನೂ ಅವರ ಜೇಬಿನಲ್ಲಿದೆ.

ಅದು ಪುಟ್ಟ ಕೈಗೆ ದೊಡ್ಡದು. ಅಂದು ಸಂಜೆ ನಾಲ್ಕಾರು ಅಂಗಡಿ ಅಲೆದು, ಮೊಂಡು ಮೂತಿಯ ಎಡಗೈ ಕತ್ತರಿಯೊಂದನ್ನು ಹುಡುಕಿ ತರುತ್ತಾರೆ. ಮರುದಿನ ಬೆಳಿಗ್ಗೆ ಹುಡುಗಿಯನ್ನು ಮೂಲೆಗೆ ಕರೆದು ಕೊಟ್ಟರೆ ಅವಳು ಮುಟ್ಟುವುದಿಲ್ಲ.

"ಅಜ್ಜಿ ಬೈತಾರೆ. ಇದು ಒಳ್ಳೇ ಕೈ ಅಲ್ವಂತೆ."

ಕತ್ತರಿಯಕ್ಕ ತಮ್ಮ ಎಡಗೈಯನ್ನು ಅವಳ ಮುಂದೆ ಚಾಚುತ್ತಾರೆ. "ಇದು ನಿನ್ನ ಮೂಗು ಒರೆಸಿದೆ, ನಿನ್ನ ಶೂ ಕಟ್ಟಿದೆ. ಒಳ್ಳೇದಲ್ವಾ?" ಹುಡುಗಿ ಆ ಕೈಯನ್ನು ತಿರುಗಿಸಿ ಮುರುಗಿಸಿ ನೋಡುತ್ತಾಳೆ. ಆಮೇಲೆ ಕತ್ತರಿ ಎತ್ತಿಕೊಳ್ಳುತ್ತಾಳೆ. ಒಂದು ಸೀಳು, ಇನ್ನೊಂದು ಸೀಳು. ಕಾಗದ ಕತ್ತರಿಸುವುದು ಇಷ್ಟು ಸುಲಭವೇ ಎಂಬಂತೆ ನಮ್ಮಿಬ್ಬರನ್ನೂ ದುರುಗುಟ್ಟುತ್ತಾಳೆ. ಅಂದು ಅವಳು ಒಂದಲ್ಲ, ಮೂರು ಲಾಟೀನು ಮಾಡುತ್ತಾಳೆ. ಕಥೆಯಲ್ಲಿ ಕೇಳಿದಂತೆ ಒಂದಕ್ಕೆ ಕಟ್ಟಿದ ಒಗಟಿನ ಚೀಟಿಯ ಮೇಲೆ ಐದು ಗೆರೆ ಎಳೆದಿದ್ದಾಳೆ. ಬಾಚಣಿಗೆ ಎನ್ನುತ್ತದೆ ಒಂದು ಮಗು, ಬೇಲಿ ಎನ್ನುತ್ತದೆ ಇನ್ನೊಂದು. ಅವಳು ತನ್ನ ಎಡ ಅಂಗೈಯನ್ನು ಗೆರೆಗಳ ಮೇಲೆ ಇಟ್ಟು ತೋರಿಸುತ್ತಾಳೆ.

ಖುಷಿಪಡಬೇಕಾದ ಕತ್ತರಿಯಕ್ಕನ ಮುಖ ಸಂಜೆಗೆ ಬಾಡಿದೆ. ಶುಕ್ರವಾರ ಅಜ್ಜಿ ಬರುತ್ತಾರೆ. "ನಾನು ಆಯಾ ಸಾರ್. ಮನೆಯವರ ಮಾತು ಮೀರಿದ್ಲು ಅಂತ ದೂರು ಹೋದ್ರೆ ಮುಂದಿನ ವಾರದಿಂದ ನಂಗೆ ಪೊರಕೆ ಮಾತ್ರ, ಕತ್ತರಿ ಇಲ್ಲ. ಅದೂ ಹೋಗ್ಲಿ. ಮಗು ಕೈ ಮತ್ತೆ ಬೆನ್ನ ಹಿಂದೆ ಹೋಗ್ಬಿಟ್ರೆ?"

ಶುಕ್ರವಾರ ಬೆಳಿಗ್ಗೆ ದಾರದ ತುಂಬ ಲಾಟೀನುಗಳು. ಕೆಲವು ಸೊಟ್ಟ, ಕೆಲವು ಸೊರಗಿವೆ, ಒಂದಕ್ಕೆ ಹಿಡಿಕೆ ಕೆಳಗಿದೆ. ಮನೆಯವರೂ ಮಕ್ಕಳ ಜೊತೆ ಒಂದೊಂದು ಮಾಡಬೇಕೆಂಬುದು ಕತ್ತರಿಯಕ್ಕನ ಕಟ್ಟಳೆ. ಬೆಳ್ಳಿಗೂದಲ ಅಜ್ಜಿ ಕುಳ್ಳ ಕುರ್ಚಿಯಲ್ಲಿ ಕೂತು ಹಾಳೆ ಮಡಚುತ್ತಾರೆ. ಪ್ರಶ್ನೆಪುಟ್ಟಿ ಮರೆತು ಎಡಗೈಯಲ್ಲೇ ಕತ್ತರಿ ಎತ್ತುತ್ತಾಳೆ.

"ಕೈ ಬದಲಾಯಿಸು," ಎನ್ನುತ್ತಾರೆ ಅಜ್ಜಿ. ಗಟ್ಟಿಯಾಗೇನೂ ಅಲ್ಲ. ಹುಡುಗಿಯ ಭುಜ ಕಿವಿಯವರೆಗೆ ಏರುತ್ತದೆ.

ಕತ್ತರಿಯಕ್ಕ ವಾದಕ್ಕೆ ಇಳಿಯುವುದಿಲ್ಲ. ತಮ್ಮ ಜೇಬಿನ ಕತ್ತರಿ ತೆಗೆದು ಅಜ್ಜಿಯ ಬಲಗೈಗೆ ಕೊಡುತ್ತಾರೆ. "ಮೊದಲು ನೀವು ಮಾಡಿ ಅಮ್ಮಾ."

ಅಜ್ಜಿ ಕತ್ತರಿಸಲು ನೋಡುತ್ತಾರೆ. ಕಾಗದ ಅಲಗುಗಳ ನಡುವೆ ಮಡಚಿ ಕೂರುತ್ತದೆ. ಇನ್ನೊಮ್ಮೆ ಒತ್ತಿದರೆ ಮುದುಡುತ್ತದೆ. ಕತ್ತು ಓರೆ ಮಾಡಿ ಬಗ್ಗಿ ನೋಡುತ್ತಾರೆ, ಗೆರೆ ಕಾಣುವುದಿಲ್ಲ. "ಇದೇನಮ್ಮಾ, ನಿಮ್ಮ ಕತ್ತರಿ ಕೆಟ್ಟಿದೆ."

"ಕೆಟ್ಟಿಲ್ಲ ಅಮ್ಮಾ. ಅದು ಎಡಗೈದು. ಬಲಗೈದನ್ನ ಹಿಡಿದಾಗ ಇವಳಿಗೆ ಹೀಗೇ ಆಗೋದು."

ಅಜ್ಜಿ ಮುದುಡಿದ ಹಾಳೆಯನ್ನು ನೋಡುತ್ತ ಕೂರುತ್ತಾರೆ. ಆಮೇಲೆ ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಾರೆ. "ದಿನಾ ಹೀಗೇ ಆಗ್ತಿತ್ತಾ ನಿಂಗೆ?" ಎಂದು ಮೊಮ್ಮಗಳನ್ನು ಕೇಳುತ್ತಾರೆ. ಹುಡುಗಿ ಹೌದೆಂದು ತಲೆಯಾಡಿಸುತ್ತಾಳೆ. "ಯಾಕೆ ಹೇಳ್ಲಿಲ್ಲ ಕಂದಾ?"

ಅಜ್ಜಿ ಹೊಸ ಹಾಳೆ ಮಡಚಿ ಎರಡೂ ಕೈಯಲ್ಲಿ ಅಲುಗಾಡದಂತೆ ಹಿಡಿಯುತ್ತಾರೆ. "ಸರಿ, ನೀನೇ ಕತ್ತರಿಸು. ನಾನು ಹಿಡ್ಕೋತೀನಿ."

"ಅಜ್ಜೀ, ಮಡಿಕೆ ಈ ಕಡೆ ತಿರುಗಿಸಿ. ತುದಿವರೆಗೆ ಹೋಗ್ಬಾರ್ದು, ಒಂದು ಬೆರಳು ಬಿಡ್ಬೇಕು," ಎಂದು ಪ್ರಶ್ನೆಪುಟ್ಟಿ ಪಾಠ ಶುರು ಮಾಡುತ್ತಾಳೆ.

ಎದುರು ಮಾಳಿಗೆಯನ್ನು ದಾಟಿ ಬಿಸಿಲು ಕಿಟಕಿಗೆ ಬರುತ್ತದೆ. ಸಾಲು ಲಾಟೀನುಗಳ ಒಳಗೆ ಹಳದಿ ಹೊತ್ತಿಕೊಳ್ಳುತ್ತದೆ. ಕತ್ತರಿಯಕ್ಕ ಅದನ್ನು ನೋಡಲು ನಿಲ್ಲುವುದಿಲ್ಲ, ನೆಲದ ಮೇಲಿನ ಕೆಂಪು ಚೂರುಗಳನ್ನು ಆಗಲೇ ಗುಡಿಸುತ್ತಿದ್ದಾರೆ. ನಿಮಗೆ ಏನಾದರೂ ಆಸೆ ಇದೆಯೇ ಎಂದು ಹೊರಡುವ ಮುನ್ನ ಕೇಳುತ್ತೇನೆ. ಪೊರಕೆಗೆ ಒರಗಿ ಯೋಚಿಸುತ್ತಾರೆ.

"ಅಂಥ ಪುಟ್ಟ ಕತ್ತರಿ ಇನ್ನೆರಡು ಇದ್ರೆ ಸಾಕು ಸಾರ್. ಮುಂದಿನ ವರ್ಷವೂ ಯಾವುದೋ ಮಗು ಕೈ ಹಿಂದೆ ಕಟ್ಕೊಂಡು, ಇದು ಲಾಟೀನಲ್ಲ ಅಂತ ನನ್ನ ಹತ್ರ ಜಗಳ ಆಡತ್ತೆ. ಆ ಸಲ ಮೊದಲು ಕೈ ನೋಡ್ತೀನಿ."