ಕತ್ತರಿಯತ್ತೆ ಮತ್ತು ಎಂಟು ಸೆಕೆಂಡಿನ ಬಟನ್

ಹೋದ ವರ್ಷದ ಕೊನೆಯ ರೇಸಿನ ಬೆಳಿಗ್ಗೆ ಕತ್ತರಿಯತ್ತೆ ಸ್ವಂತ ಅಣ್ಣನ ಮಗಳ ರೇಸ್ ಕಾರಿನ ಸೀಟ್ ಬೆಲ್ಟನ್ನು ಕತ್ತರಿಸಿದ್ದು ಹೊಟ್ಟೆಕಿಚ್ಚಿನಿಂದ ಎಂಬ ಮಾತು ರೇಸ್ ಟ್ರ್ಯಾಕಿನ ಕ್ಯಾಂಟೀನಿನಲ್ಲಿ ಹುಟ್ಟಿ, ಎರಡೇ ದಿನದಲ್ಲಿ ರೆಕ್ಕೆಪುಕ್ಕ ಕಟ್ಟಿಕೊಂಡಿತು. ಪ್ರಾಯದಲ್ಲಿ ಆಕೆಗೂ ಕಾರು ಓಡಿಸುವ ಆಸೆಯಿತ್ತಂತೆ, ಯಾರೋ ಬೇಡವೆಂದರಂತೆ, ಆ ಸಿಟ್ಟನ್ನು ಮೂವತ್ತು ವರ್ಷ ಕಾಪಿಟ್ಟುಕೊಂಡು ಹುಡುಗಿಯ ಮೇಲೆ ತೀರಿಸಿಕೊಂಡಳಂತೆ. ನಿಜವೆಂದರೆ ಆಕೆಗೆ ಸ್ಟೀರಿಂಗ್ ಹಿಡಿಯಲೂ ಬರುವುದಿಲ್ಲ. ಕಾರಿನಲ್ಲಿ ಕೂತರೆ ವಾಂತಿ. ಟ್ರ್ಯಾಕಿಗೆ ಇವತ್ತಿಗೂ ಆಕೆ ಬರುವುದು ಬಸ್ಸಿನಲ್ಲಿ, ಅದೂ ಕಿಟಕಿ ಪಕ್ಕದ ಸೀಟು ಸಿಕ್ಕರೆ.

ಮೊದಲು ಆಕೆ ಪ್ಯಾರಾಚೂಟಿನ ಪಟ್ಟಿ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ದಾರದ ಸುದ್ದಿ ಬಲ್ಲವರು ಬೇಕೆಂದು ಟ್ರ್ಯಾಕಿನವರು ಕರೆದಾಗ ತಪಾಸಣೆಯ ಶೆಡ್ಡಿಗೆ ಬಂದು ಸೇರಿದಳು. ರೇಸಿಗೆ ಮುನ್ನ ಪ್ರತಿ ಕಾರಿನ ಸೀಟ್ ಬೆಲ್ಟಿನ ಆರೂ ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನ ಮೇಲೆ ಮಡಚಿ, ಅಂಚಿನ ಮೇಲೆ ಉಗುರು ಎಳೆದು ನೋಡುವುದು ಆಕೆಯ ಕೆಲಸ. ಒಂದು ಎಳೆ ಎದ್ದಿದ್ದರೂ ಸರಿ, ಪಟ್ಟಿಯ ಮೇಲಿನ ತಾರೀಖು ಮುಗಿದಿದ್ದರೂ ಸರಿ, ತಂಡದವರ ಕಣ್ಣೆದುರಿಗೇ ಅದನ್ನು ಎರಡು ತುಂಡು ಮಾಡಬೇಕು. ವಾಪಸು ಕೊಟ್ಟರೆ ಮುಂದಿನ ವಾರ ಅದೇ ಬೆಲ್ಟು ಇನ್ನೊಂದು ಕಾರಿನಲ್ಲಿ ಕೂತಿರುತ್ತದೆ. ಚಿಕ್ಕಂದಿನಲ್ಲಿ ಶೆಡ್ಡಿನಲ್ಲೇ ಆಡಿ ಬೆಳೆದ ಅಣ್ಣನ ಮಗಳು 'ಕತ್ತರಿಯತ್ತೆ' ಎಂದು ಕರೆದದ್ದೇ ಊರಿಗೆಲ್ಲ ಹೆಸರಾಯಿತು.

ಟ್ರ್ಯಾಕಿನಲ್ಲಿ ಎರಡು ಬಗೆಯ ಪಂಡಿತರಿದ್ದಾರೆ. ಒಬ್ಬರು ನಿವೃತ್ತ ಶೂರರು. ಹೆಲ್ಮೆಟ್ಟು, ಬೆಲ್ಟು, ತಲೆಯ ಮೇಲಿನ ಕಬ್ಬಿಣದ ಬಳೆ ಎಲ್ಲ ಬಂದು ರೇಸು ಕೂಸುಗಳ ಆಟವಾಯಿತು, ನಮ್ಮ ಕಾಲದಲ್ಲಿ ಎದೆಯಿತ್ತು, ಎಂದು ಕ್ಯಾಂಟೀನಿನಲ್ಲಿ ಕೂತು ಮರುಗುತ್ತಾರೆ. ಅವರ ಕಾಲದಲ್ಲಿ ಸತ್ತವರು ಆ ಹರಟೆಗೆ ಬರುವುದಿಲ್ಲವಾದ್ದರಿಂದ ವಾದ ಸದಾ ಇವರದ್ದೇ ಗೆಲ್ಲುತ್ತದೆ. ಇನ್ನೊಬ್ಬರು ವ್ಯವಸ್ಥಾಪಕರು. ಜನ ಆಕಳಿಸುತ್ತಿದ್ದಾರೆಂದು ಇವರು ಓವರ್‌ಟೇಕ್ ಬಟನ್ ತಂದರು. ಒತ್ತಿದರೆ ಸೀಟಿನ ಹಿಂದಿನ ಬ್ಯಾಟರಿಯಿಂದ ಎಂಟು ಸೆಕೆಂಡು ಹೆಚ್ಚಿನ ಶಕ್ತಿ ಬರುತ್ತದೆ, ಕಾರಿನ ನೆತ್ತಿಯಲ್ಲೊಂದು ನೀಲಿ ದೀಪ ಹತ್ತುತ್ತದೆ, ಮುಂದಿನವನು ಹಿಂದಾಗುತ್ತಾನೆ. ಒಂದು ರೇಸಿಗೆ ಹತ್ತು ಸಲ. ದೀಪ ಹತ್ತಿದ ಕಾರನ್ನೇ ಕ್ಯಾಮೆರಾ ತಾನಾಗಿ ಹಿಂಬಾಲಿಸುತ್ತದೆ. ಪ್ರೇಕ್ಷಕರು ದೀಪ ಕಂಡೊಡನೆ ಚಪ್ಪಾಳೆ ತಟ್ಟುವುದನ್ನು ಒಂದೇ ಋತುವಿನಲ್ಲಿ ಕಲಿತರು. ಇದಕ್ಕಿಂತ ನಿಧಾನವಾಗಿ ಕಲಿಯುವ ಪ್ರಾಣಿಗಳೂ ಇವೆ.

ಕತ್ತರಿಯತ್ತೆಗೆ ಈ ಎರಡೂ ಪಂಗಡದವರೆಂದರೆ ಅಷ್ಟಕ್ಕಷ್ಟೆ. ಸೋತವನು ಮುಂದಿನ ಭಾನುವಾರ ಮತ್ತೆ ಬಂದು ಸೋಲಲಿ ಎಂದು ಬೆಲ್ಟಿರುವುದು. ಮುಂದಿನವನನ್ನು ದಾಟುವ ವಿದ್ಯೆಯನ್ನು ಹೆಬ್ಬೆರಳಿಗೆ ಇಳಿಸಿದರೆ ಆ ಭಾನುವಾರಕ್ಕೆ ಅರ್ಥವೇನು, ಎಂಬುದು ಆಕೆಯ ಲೆಕ್ಕ.

ಆ ಬೆಳಿಗ್ಗೆ ಅಣ್ಣನ ಮಗಳಿಗೆ ಮೊದಲ ಮೂರರೊಳಗೊಂದು ಸ್ಥಾನ ಬೇಕಿತ್ತು. ಬಂದರೆ ಮುಂದಿನ ವರ್ಷವೂ ತಂಡದಲ್ಲಿ ಸೀಟು, ಇಲ್ಲವಾದರೆ ಇಲ್ಲ. ತಂಡದ ಮಾಲೀಕ ಅದನ್ನು ಅವಳಿಗೆ ನೇರವಾಗಿಯೇ ಹೇಳಿದ್ದ. ಬಟನ್ನಿನ ಬಲ ಕೊನೆಯ ಸುತ್ತಿನಲ್ಲೂ ಕುಗ್ಗದಿರಲೆಂದು ಅವನು ಆ ವಾರವಷ್ಟೇ ದೊಡ್ಡ ಬ್ಯಾಟರಿ ಹಾಕಿಸಿದ್ದ. ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆ ಎರಡು ಬೆರಳು ಮೇಲೆದ್ದಿತು. ಹೆಗಲ ಮೇಲಿಂದ ಹಿಂದಕ್ಕೆ ಹೋಗುವ ಪಟ್ಟಿ ಅದರ ಮೂಲೆಗೆ ಉಜ್ಜತೊಡಗಿತು. ಎರಡು ದಿನದ ಅಭ್ಯಾಸದಲ್ಲಿ ಅಂಚು ನಾರುನಾರಾಯಿತು. ಆಗ ಆ ತಂಡದ ಬುದ್ಧಿವಂತರಿಗೆ ಹೊಳೆದ ಉಪಾಯವೆಂದರೆ, ಸವೆದ ಜಾಗದ ಮೇಲೆ ಬಟನ್ ಕಂಪನಿಯ ಜಾಹೀರಾತಿನ ಸ್ಟಿಕ್ಕರ್ ಅಂಟಿಸುವುದು. ಬೆಲ್ಟಿನ ಮೇಲೆ ಸ್ಟಿಕ್ಕರ್ ಇದ್ದರೆ ಕತ್ತರಿಯತ್ತೆ ಮೊದಲು ನೋಡುವುದು ಅದರ ಕೆಳಗೇ ಎಂಬುದು ಅವರ ತಲೆಗೆ ಹೋಗಲಿಲ್ಲ.

ಆಕೆ ಉಗುರಿನಿಂದ ಸ್ಟಿಕ್ಕರ್ ಎಬ್ಬಿಸಿದಳು.

"ಮೇಡಂ, ಜನ ಬರೋದು ಓವರ್‌ಟೇಕ್ ನೋಡೋಕೆ, ಬೆಲ್ಟ್ ನೋಡೋಕಲ್ಲ," ಎಂದ ಮಾಲೀಕ.

"ಇದು ಹರಿದ್ರೆ ಅವರು ನೋಡೋದು ಬೇರೇನೇ ಇರುತ್ತೆ. ಅದಕ್ಕೂ ಒಂದು ದೀಪ ಹಾಕಿಸ್ತೀರೇನು?"

ಹುಡುಗಿ ಹತ್ತಿರ ಬಂದು ದನಿ ತಗ್ಗಿಸಿದಳು. "ಅತ್ತೆ, ಇದೊಂದು ರೇಸ್ ಬಿಟ್ಬಿಡು. ನಾಳೆ ನಾನೇ ತಂದು ಕೊಡ್ತೀನಿ, ನೀನೇ ಕತ್ತರಿಸು."

"ನಾಳೆ ಕತ್ತರಿಸೋಕೆ ನಾನ್ಯಾಕೆ ಕಣೇ, ಇಲಿ ಸಾಕು."

"ನನ್ನ ಸೀಟು ಹೋಗುತ್ತೆ."

"ಗೊತ್ತು," ಎಂದಳು ಕತ್ತರಿಯತ್ತೆ, ಮತ್ತು ಕತ್ತರಿಸಿದಳು.

ಹೊಸ ಬೆಲ್ಟೇನೋ ತಂಡದ ಬಳಿ ಇತ್ತು. ಆದರೆ ಪೆಟ್ಟಿಗೆ ಅಲ್ಲೇ ಇದ್ದರೆ ಅದೂ ಉಜ್ಜುತ್ತದೆ, ಪೆಟ್ಟಿಗೆ ತೆಗೆಯದೆ ತಪಾಸಣೆಯ ಚೀಟಿಗೆ ಸಹಿ ಇಲ್ಲ ಎಂದಳು. ಹಳೆಯ ಸಣ್ಣ ಬ್ಯಾಟರಿಯನ್ನು ಮಾಲೀಕ ಆಗಲೇ ಇನ್ನೊಬ್ಬರಿಗೆ ಮಾರಿದ್ದ. ಹಾಗಾಗಿ ಹುಡುಗಿ ಬಟನ್ ಇಲ್ಲದ ಕಾರಿನಲ್ಲಿ, ರಿಪೇರಿಗೆ ತಡವಾದ್ದರಿಂದ ಎಲ್ಲರಿಗಿಂತ ಹಿಂದೆ, ಹದಿನೆಂಟನೆಯವಳಾಗಿ ಹೊರಟಳು.

ಶೆಡ್ಡಿನ ಹಿಂಬಾಗಿಲಿನಿಂದ ಒಂದೇ ಒಂದು ತಿರುವು ಕಾಣುತ್ತದೆ. ಕತ್ತರಿಯತ್ತೆ ಅಲ್ಲಿ ನಿಂತಳು. ಆರನೆಯ ಸುತ್ತಿನಲ್ಲಿ ಹುಡುಗಿ ಮುಂದಿನ ಕಾರಿನ ಬಾಲಕ್ಕೆ ಅಂಟಿಕೊಂಡು ಬಂದಳು. ಅವನು ಬ್ರೇಕ್ ಒತ್ತಿದ, ಇವಳು ಒತ್ತಲಿಲ್ಲ. ಹೊರಗಿನಿಂದ ಹೋಗುವಂತೆ ಮೂತಿ ತೋರಿಸಿ, ಅವನು ಆ ಕಡೆ ಸರಿದೊಡನೆ ಒಳಗಿನ ಒಂದು ಕಾರಿನಷ್ಟೇ ಅಗಲದ ಜಾಗಕ್ಕೆ ನುಗ್ಗಿ, ಹಿಂದಿನ ಚಕ್ರ ಜಾರಿದ್ದನ್ನು ಕೈಯಲ್ಲೇ ತಿದ್ದಿಕೊಂಡು, ದಾಟಿದಳು. ಆ ಹೊತ್ತಿಗೆ ದೊಡ್ಡ ಪರದೆಯ ಮೇಲೆ ನೆಟ್ಟಗಿನ ರಸ್ತೆಯಲ್ಲಿ ಒಂದು ನೀಲಿ ದೀಪ ಇನ್ನೊಂದು ಕಾರನ್ನು ದಾಟುತ್ತಿತ್ತು. ವೀಕ್ಷಕ ವಿವರಣೆಗಾರ ಅದನ್ನು ಅದ್ಭುತವೆಂದ. ಸ್ಟ್ಯಾಂಡುಗಳೆಲ್ಲ ಅವನನ್ನು ನಂಬಿದವು. ಮರುಸುತ್ತಿನಲ್ಲಿ ಹುಡುಗಿ ದಾಟಿದ್ದ ಚಾಲಕ ನೆಟ್ಟಗಿನ ರಸ್ತೆಯಲ್ಲಿ ಬಟನ್ ಒತ್ತಿ, ಕುರ್ಚಿಯಲ್ಲಿ ಕೂತವನು ಕಾಲು ಚಾಚುವಷ್ಟು ಸಲೀಸಾಗಿ ಮುಂದೆ ಹೋದ. ಅವನಿಗೂ ಚಪ್ಪಾಳೆ ಬಿತ್ತು. ಹೀಗೆ ದಾಟುತ್ತ, ದಾಟಿಸಿಕೊಳ್ಳುತ್ತ ಅವಳು ಹನ್ನೊಂದನೆಯವಳಾಗಿ ಮುಗಿಸಿದಳು.

ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಶೆಡ್ಡಿಗೆ ಬಂದಾಗ ಅವಳ ಹೆಗಲ ಮೇಲೆ ಹೊಸ ಬೆಲ್ಟಿನ ಗುರುತು ಕೆಂಪಾಗಿತ್ತು.

"ಒಂಬತ್ತು ಜನರನ್ನ ಕೈಯಲ್ಲಿ ದಾಟಿದೆ. ಒಂದನ್ನೂ ಪರದೆ ಮೇಲೆ ತೋರಿಸಲಿಲ್ಲವಂತೆ."

"ಒಂದನ್ನ ನಾನು ನೋಡಿದೆ," ಎಂದಳು ಕತ್ತರಿಯತ್ತೆ. "ಅಂಥದ್ದನ್ನ ಈ ತಿರುವಲ್ಲಿ ಎಷ್ಟೋ ವರ್ಷದಿಂದ ನೋಡಿರಲಿಲ್ಲ."

"ನೀನು ನೋಡಿದ್ರೆ ಸೀಟು ಸಿಗುತ್ತಾ ಅತ್ತೆ?"

ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸೀಟನ್ನು ಈಗ ನೆಟ್ಟಗಿನ ರಸ್ತೆಯಲ್ಲಿ ಮಹಾವೀರನಾದ ಒಬ್ಬ ಚಾಲಕನಿಗೆ ಕೊಟ್ಟಿದ್ದಾರೆ. ಬಟನ್ನಿನ ಮಿತಿಯನ್ನು ಹತ್ತರಿಂದ ಹದಿನೈದಕ್ಕೆ ಏರಿಸಿದ್ದಾರೆ. ಹುಡುಗಿ ವಾರದ ದಿನಗಳಲ್ಲಿ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾಳೆ, ಭಾನುವಾರ ಅದೇ ಟ್ರ್ಯಾಕಿನಲ್ಲಿ ಬಟನ್ ಇಲ್ಲದ ಹಳೆಯ ಕಾರುಗಳ ರೇಸಿನಲ್ಲಿ ಓಡಿಸುತ್ತಾಳೆ. ಅದನ್ನು ನೋಡಲು ಹೆಚ್ಚೆಂದರೆ ಇನ್ನೂರು ಜನ ಬರುತ್ತಾರೆ. ಅಣ್ಣ ತಂಗಿಯ ಮನೆಗೆ ಬರುವುದನ್ನು ಬಿಟ್ಟಿದ್ದಾನೆ. ಅತ್ತೆ ಸೊಸೆಯರ ನಡುವೆ ಮಾತಿರುವುದು ತಪಾಸಣೆಯ ಮೇಜಿನ ಮೇಲೆ ಮಾತ್ರ: ಕಾರಿನ ನಂಬರು, ಬೆಲ್ಟಿನ ತಾರೀಖು, ಸಹಿ.