ಹೊರಕ್ಕೆ ಮಾತ್ರ ಸರಿಯುವ ಗುಂಡು

ಮನೆಗೆ ಬಂದು ಕೂಸನ್ನು ತೂಗುವ ಸೂಲಗಿತ್ತಿಗೆ, ಈ ಪರದೇಶದವರ ಮಾತಿನಲ್ಲಿ ಹೆಬಾಮೆಗೆ, ಸಾಲೇಹಾ ಈ ವಾರ ನೆಗಡಿಯ ನೆಪ ಹೇಳಿ ಬರಬೇಡವೆಂದಿದ್ದಳು. ಎರಡು ತಿಂಗಳ ಇಫ್ರಾ ಎಷ್ಟು ಹಾಲು ಕುಡಿದರೂ ಮೈ ತುಂಬಿಕೊಳ್ಳುತ್ತಿರಲಿಲ್ಲ. ತೂಕ ಹೀಗೇ ನಿಂತರೆ ಆಸ್ಪತ್ರೆಗೆ ಸೇರಿಸಬೇಕಾದೀತು ಎಂದಿದ್ದರು ಡಾಕ್ಟರು. ಆಮೇಲಿಂದ ತೂಕದ ಯಂತ್ರವೆಂದರೆ ಸಾಲೇಹಾಳಿಗೆ ಹೆದರಿಕೆ.

ಅಂಥದ್ದರಲ್ಲಿ ಮೇಲಿನ ಮನೆಯ ಚೀನಾದ ಷೂ ಅಜ್ಜಿ ಗುಂಡು ಜಾರಿಸಿ ತೂಗುವ ಕೋಲು ಹಿಡಿದು ಬಾಗಿಲಿಗೇ ಬಂದರು! ಹಿಂದೆ ಪಾತ್ರೆ ಹಿಡಿದ ಮಗಳು ಲಾನ್. ನಮ್ಮಲ್ಲಿ ಭರಣಿ, ಕೃತ್ತಿಕಾ ಎಂದು ಮಳೆ ಎಣಿಸಿದ ಹಾಗೆ ಚೀನಾದವರು ಸೂರ್ಯನ ದಾರಿ ನೋಡಿ ವರ್ಷವನ್ನು ಇಪ್ಪತ್ನಾಲ್ಕು ಪಾಲು ಮಾಡುತ್ತಾರೆ. ಅಂದು ಲೀಶ್ಯಾ, ಬೇಸಿಗೆ ಕಾಲಿಡುವ ದಿನ. ಆ ದಿನ ತೂಗಿದ ಮಕ್ಕಳು ಬೇಸಿಗೆಯಲ್ಲಿ ಸೊರಗುವುದಿಲ್ಲವಂತೆ.

ವಿಡಿಯೊ ಕಾಲ್‌ನಲ್ಲಿದ್ದ ಸಾಲೇಹಾಳ ಹಾವೇರಿಯ ಅಮ್ಮ ಚೀರಿದಳು. "ಬ್ಯಾಡವಾ! ಮಂದಿ ಮುಂದ ಕೂಸಿನ್ನ ತೂಗಿದ್ರ ನಜರ್ ಆಗತೈತಿ!"

"ಅಜ್ಜಿ ಕೂಸಿನ್ನ ಸಂತಿಗೆ ಒಯ್ಯಾಕತ್ತಿಲ್ಲ ಬಿಡ್ರಿ ಅಮ್ಮೀ," ಎಂದ ಸಾಲೇಹಾಳ ಗಂಡ ಇಲ್ಯಾಸ್.

ಸಾಲೇಹಾಳಿಗೆ ಕೆಟ್ಟ ಕಣ್ಣು ತಾಗುವ ಹೆದರಿಕೆಯಲ್ಲ, ಅಂಕಿಯದು. ಆದರೆ ಅಜ್ಜಿ ಒಳಿತಾಗಲೆಂದು ಬೇಯಿಸಿದ ಮೊಟ್ಟೆಯನ್ನು ಕೆಂಪು ದಾರದ ಜಾಳಿಗೆಯಲ್ಲಿ ಹಾಕಿ ಇಫ್ರಾಳ ಎದೆಯ ಮೇಲಿಟ್ಟಾಗ ಬೇಡವೆನ್ನಲು ಬಾಯಿ ಬರಲಿಲ್ಲ. ಕೂಸನ್ನು ಕೋಲಿಗೆ ತೂಗುಹಾಕಿದ್ದ ಬುಟ್ಟಿಯಲ್ಲಿ ಮಲಗಿಸಿದಳು.

ಕೋಲು ಗುಂಡಿನ ಕಡೆಗೆ ವಾಲಿತು. "ಗುಂಡು ಒಳಗೆ ತರಬೇಕಲ್ಲವಾ?" ಎಂದು ಸಾಲೇಹಾ ಕೈ ಹಾಕಿದ್ದೇ ತಡ, ಅಜ್ಜಿ ಆ ಕೈಗೆ ಪಟ್ಟನೆ ಹೊಡೆದರು.

ಲಾನ್ ನಕ್ಕಳು. "ಇವತ್ತು ಗುಂಡು ಹೊರಕ್ಕೆ ಮಾತ್ರ ಸರೀಬೇಕು. ಒಳಗೆ ತಂದ್ರೆ ಮಗುವಿನ ತೂಕ ಇಳಿದ ಹಾಗೆ. ನಮ್ಮಮ್ಮ ಅಂಕಿ ನೋಡೋದೇ ಇಲ್ಲ."

ನಿಜ, ಅಜ್ಜಿ ನೋಡುತ್ತಿದ್ದುದು ಸಾಲೇಹಾಳ ಸಣಕಲು ಮಣಿಕಟ್ಟನ್ನು. ತಮ್ಮ ಭಾಷೆಯಲ್ಲಿ ಏನೋ ಕೇಳಿದರು.

"ನೀನು ಊಟ ಮಾಡಿದೆಯಾ ಅಂತ," ಎಂದು ಲಾನ್ ತಿಳಿಸಿದಳು.

ಸಾಲೇಹಾ ಇನ್ನೂ ಉಂಡಿರಲಿಲ್ಲ. ನಿನ್ನೆಯೂ ಬ್ರೆಡ್ಡೇ, ಅದೂ ನಿಂತುಕೊಂಡು. ಲಾನ್ ಪಾತ್ರೆ ತೆರೆದಳು: ಬಿಸಿ ಬಟಾಣಿ ಅನ್ನ. "ನಾವು ಹಂದಿಮಾಂಸ ಹಾಕ್ತೀವಿ. ಇದನ್ನ ನಿಮಗೆ ಅಂತ ಅಮ್ಮ ಬೇರೆ ಪಾತ್ರೆಯಲ್ಲಿ ಮಾಡಿದಾಳೆ."

ಅಜ್ಜಿ ಇಫ್ರಾಳನ್ನು ತೊಡೆಯ ಮೇಲಿಟ್ಟುಕೊಂಡು, ಸಾಲೇಹಾ ಪಾತ್ರೆ ಬರಿದು ಮಾಡುವವರೆಗೂ ಏಳಲಿಲ್ಲ. ಕೂತು ಉಂಡು ಎಷ್ಟು ದಿನವಾಗಿತ್ತೋ! ಕೈ ತೊಳೆದವಳೇ ಸಾಲೇಹಾ ಹೆಬಾಮೆಗೆ ಫೋನ್ ಮಾಡಿದಳು: ನೆಗಡಿ ಸುಳ್ಳು, ನಾಳೆಯೇ ಬನ್ನಿ.

ಹೆಬಾಮೆ ಬಂದು ಹಾಲೂಡಿಸುವ ಕ್ರಮ ತಿದ್ದಿದಳು, ಬಾಟಲಿ ಹಾಲನ್ನೂ ಸೇರಿಸಿದಳು. ಮಧ್ಯಾಹ್ನದ ಊಟಕ್ಕೆ ಅಜ್ಜಿಯ ಕಾವಲು ಇದ್ದೇ ಇತ್ತು. ಮುಂದಿನ ವಾರ ಯಂತ್ರದ ಅಂಕಿ ಮೇಲೇರಿತ್ತು. ಹೆಚ್ಚೇನಲ್ಲ, ಎರಡು ಹಿಡಿ ಅಕ್ಕಿಯಷ್ಟು. ಸಾಲೇಹಾಳಿಗೆ ಅದು ಮೂಟೆ.

ಸುದ್ದಿ ಕೇಳಿ ಅಮ್ಮ ಅಂದಳು: "ಆ ಅಜ್ಜಿಗೆ ನನ್ನ ಸಲಾಮ್ ಹೇಳವಾ. ಬರೂ ವರ್ಷ ನೀನೂ ಆ ಬುಟ್ಯಾಗ ಕುಂದರು."